ನಂದಿಬಟ್ಟಲಿನ ಹುಳಕ್ಕೆ ಸ್ಪ್ರೇ ಹೊಡೆಯೋ ಮುಂಚೆ

ನಾನು ಪುಣೆಗೆ ಬರುವಾಗ ಅಮ್ಮ ಒಂದು ನಂದಿಬಟ್ಟಲು ಗಿಡ ಕೊಟ್ಟು ಕಳಿಸಿದ್ರು, ದೇವರಿಗೆ ಹೂವಾಗುತ್ತೆ ಅಂತ. ಒಂದು ಮಳೆಗಾಲದಲ್ಲಿ ನೋಡಿದ್ರೆ ಅರ್ಧ ಗಿಡ ಬೋಳು! ಬಾಲ್ಕನಿ ನೆಲದ ಮೇಲೆ ಕಪ್ಪು ಹಿಕ್ಕೆ, ಎಲೆ ಮರೆಯಲ್ಲಿ ಬೆರಳು ಗಾತ್ರದ ಹಸಿರು ಹುಳಗಳು. ಹಿಂದೆಮುಂದೆ ನೋಡದೆ ಸ್ಪ್ರೇ ಹೊಡೆದೆ. ಮೂರು ಹುಳ ಸತ್ತವು. ಅವು ಏನು ಅಂತ ಹುಡುಕಿದ್ದು ಆಮೇಲೆ.

ಅದು ಓಲಿಯಾಂಡರ್ ಹಾಕ್ ಮಾತ್ ಅನ್ನೋ ಪತಂಗದ ಮರಿ. 1758ರಲ್ಲಿ ಲಿನೇಯಸ್ ಹೆಸರಿಟ್ಟ, ನಮ್ಮ ದೇಶದ್ದೇ ಜೀವಿ. ಗುರುತಿಸೋದು ಸುಲಭ. ಮೈಮೇಲೆ ಕೂದಲಿಲ್ಲ, ಹಾಗಾಗಿ ಕಂಬಳಿಹುಳದ ಥರ ಮುಟ್ಟಿದ್ರೆ ತುರಿಕೆ ಬರಲ್ಲ. ಪಕ್ಕದಲ್ಲಿ ಉದ್ದಕ್ಕೆ ಬಿಳಿ ಗೆರೆ, ಬಾಲದಲ್ಲಿ ಚಿಕ್ಕ ಕೊಂಬು. ತಲೆಯ ಹಿಂದೆ ಎರಡು ನೀಲಿ ಕಣ್ಣು ಕಾಣ್ತವೆ, ಅವು ನಿಜವಾದ ಕಣ್ಣಲ್ಲ. ಹಕ್ಕಿ ಹತ್ತಿರ ಬಂದ್ರೆ ತಲೆ ಒಳಗೆಳೆದು ಅವನ್ನ ತೋರಿಸಿ ಹೆದರಿಸುತ್ತೆ.

ನಂದಿಬಟ್ಟಲು, ಕಣಗಿಲೆ, ನಿತ್ಯಪುಷ್ಪ ಇದರ ಆಹಾರ. ಕಣಗಿಲೆ ನಮಗೆ ವಿಷ, ಇದಕ್ಕೆ ಊಟ!

ಕೆಲವು ವಾರ ಬಿಟ್ಟು ಇನ್ನೊಂದು ಹುಳ ಬಂತು. ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ತಿನ್ಲಿ ಬಿಡೋ, ಗಿಡ ಮತ್ತೆ ಚಿಗುರುತ್ತೆ" ಅಂದ್ರು. ಬಿಟ್ಟೆ. ಚೆನ್ನಾಗಿ ತಿಂದು ಬೆಳೆದ ಮೇಲೆ ಹಸಿರು ಬಣ್ಣ ಕಂದಾಯ್ತು, ಗಿಡದಿಂದ ಇಳಿದು ಓಡಾಡೋಕೆ ಶುರು ಮಾಡ್ತು. ಕಾಯಿಲೆ ಬಂತೇನೋ ಅಂದ್ಕೊಂಡಿದ್ದೆ. ಅದು ಕೋಶ ಕಟ್ಟೋಕೆ ಜಾಗ ಹುಡುಕ್ತಿತ್ತು ಅಷ್ಟೇ. ಒಣ ಎಲೆ ಹಾಕಿದ ಕುಂಡದೊಳಗೆ ಬಿಟ್ಟೆ. ಎಲೆ ಅಡಿಯಲ್ಲಿ ಸೇರ್ಕೊಂಡು ಕೋಶವಾಯ್ತು.

ಸುಮಾರು ಎರಡು ವಾರ ಆದ್ಮೇಲೆ, ಒಂದು ಬೆಳಗ್ಗೆ ಲಾಗಿನ್ ಆಗೋ ಮುಂಚೆ ನೋಡಿದ್ರೆ ಗೋಡೆ ಮೇಲೆ ಪತಂಗ ಕೂತಿದೆ! ಮಿಲಿಟರಿ ಬಟ್ಟೆ ಥರ ಹಸಿರು, ನಡುವೆ ಬಿಳಿ ಮತ್ತು ತಿಳಿ ಗುಲಾಬಿ ಪಟ್ಟೆ. ರೆಕ್ಕೆ ಬಿಚ್ಚಿದ್ರೆ ಸುಮಾರು 10 ಸೆಂಟಿಮೀಟರ್. ಹಗಲಿಡೀ ಅಲುಗಾಡಲಿಲ್ಲ. ಕತ್ತಲಾಗ್ತಿದ್ದ ಹಾಗೆ ರೆಕ್ಕೆ ನಡುಗಿಸಿ ಬಿಸಿ ಮಾಡ್ಕೊಂಡು ಹಾರಿಹೋಯ್ತು. ಇವು ಸಂಜೆ ಹೊತ್ತಲ್ಲಿ ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಉದ್ದ ನಾಲಿಗೆ ಚಾಚಿ ಮಕರಂದ ಹೀರ್ತವೆ. ಹಾಗೇ ಪರಾಗವೂ ಹೂವಿಂದ ಹೂವಿಗೆ ಹೋಗುತ್ತೆ.

ಗಿಡ ಅಮ್ಮ ಹೇಳಿದ ಹಾಗೇ ಚಿಗುರಿತು, ಈಗ ಮೈತುಂಬ ಹೂವು. ಆ ಮೂರು ಹುಳಗಳು ಮಾತ್ರ ಇವತ್ತಿಗೂ ನೆನಪಾಗ್ತವೆ. ನಿಮ್ಮ ಬಾಲ್ಕನಿಯಲ್ಲೂ ನೀಲಿ ಕಣ್ಣಿನ ಹುಳ ಕಂಡ್ರೆ ಸ್ಪ್ರೇ ಪಕ್ಕಕ್ಕಿಡಿ, ಒಂದು ಕುಂಡದಲ್ಲಿ ಒಣ ಎಲೆ ಹಾಕಿಡಿ. ಮತ್ತೆ ಸಿಗೋಣ.