ಗಣಕಭಾಷೆಗೊಂದು ಬಾಲಬೋಧೆ

ಪಾಣಿನಿಯ ಸುಮಾರು 4000 ಸೂತ್ರಗಳು ಶಾಸ್ತ್ರದೃಷ್ಟಿಯಿಂದ ಪರಿಪೂರ್ಣವಾಗಿದ್ದರೂ ಬಾಲಕರಿಗೆ ದುರ್ಗಮವಾಗಿದ್ದುವು. ಭಟ್ಟೋಜಿ ದೀಕ್ಷಿತರು ಅವನ್ನು ವಿಷಯಾನುಸಾರವಾಗಿ ಜೋಡಿಸಿದರು. ಅವರ ಶಿಷ್ಯರಾದ ವರದರಾಜರು ಅದನ್ನೂ ಸಂಕ್ಷೇಪಿಸಿ ಲಘುಸಿದ್ಧಾಂತಕೌಮುದಿಯನ್ನು ರಚಿಸಿದರು. ಮೆಟ್ಟಿಲು ಕಟ್ಟುವವರಿಲ್ಲದಿದ್ದರೆ ಎಂತಹ ಶಾಸ್ತ್ರವೂ ವಿದ್ಯಾರ್ಥಿಗೆ ದಕ್ಕದು. ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ಭಾಷೆಗಳಿಗೂ ಈ ಮಾತು ಸಲ್ಲುವುದೆಂದು ನನಗೆ ತಿಳಿದುಬಂದುದು ಮೊಮ್ಮಗಳಿಂದ.

ಕಾಲೇಜಿನಲ್ಲಿ ಓದುತ್ತಿರುವ ಅವಳು 'ರಸ್ಟ್' ಎಂಬ ಭಾಷೆಯನ್ನು ಕಲಿಯತೊಡಗಿದ್ದಳು. ಗ್ರೇಡನ್ ಹೋರ್ ಎಂಬವರು 2006ರಲ್ಲಿ ಆರಂಭಿಸಿದ ಈ ಭಾಷೆಯ ಮೊದಲ ಸ್ಥಿರ ಆವೃತ್ತಿಯು 2015ರ ಮೇ ತಿಂಗಳಲ್ಲಿ ಹೊರಬಿದ್ದಿತು. ಹತ್ತಾರು ವಿಡಿಯೋ ಪಾಠಗಳನ್ನು ಅರೆಬರೆಯಾಗಿ ನೋಡಿದ ಆಕೆ ಒಂದು ಸಂಜೆ, "ತಾತ, ಇದು ನನ್ನ ತಲೆಗೆ ಹತ್ತುವುದಿಲ್ಲ, ಬಿಟ್ಟುಬಿಡುತ್ತೇನೆ" ಎಂದು ಕಣ್ಣೀರಿಟ್ಟಳು. ಪರದೆಯ ಮೇಲೆ ಕೆಂಪಕ್ಷರಗಳ ದೋಷಸೂಚನೆಯಿದ್ದಿತು. "ಅದು ಏನು ಹೇಳುತ್ತಿದೆ, ಓದಮ್ಮ" ಎಂದೆನು. "ತಪ್ಪು ಎನ್ನುತ್ತಿದೆ, ಅಷ್ಟೆ" ಎಂದಳು. ಅವಳು ಅದನ್ನು ಓದಿಯೇ ಇರಲಿಲ್ಲ.

ಇಬ್ಬರೂ ಕುಳಿತು ಓದಿದೆವು. ಈ ಭಾಷೆಯಲ್ಲಿ ಪ್ರತಿಯೊಂದು ಮೌಲ್ಯಕ್ಕೂ ಒಂದು ಕಾಲಕ್ಕೆ ಒಬ್ಬನೇ ಒಡೆಯನು. ಪಾತ್ರೆಯನ್ನು ನೆರೆಮನೆಗೆ ಕೊಟ್ಟೇಬಿಟ್ಟ ಮೇಲೆ ನಮ್ಮ ಒಲೆಯ ಮೇಲೆ ಇಡಲಾದೀತೆ? ಎರವಲು ಕೊಟ್ಟಿದ್ದರೆ ಅದು ನಮ್ಮದೇ. ಇವಳು ಕೊಟ್ಟುಬಿಟ್ಟುದನ್ನು ಮತ್ತೆ ಬಳಸಿದ್ದಳು. ನಾವು ಬರೆದುದನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುವ ಕಂಪೈಲರ್ ಎಂಬ ಸಾಧನವು, ಯಾವ ಪಂಕ್ತಿಯಲ್ಲಿ ಕೊಟ್ಟಳು, ಯಾವುದರಲ್ಲಿ ಮತ್ತೆ ಬಳಸಿದಳು, ತಿದ್ದುವ ಬಗೆ ಯಾವುದು ಎಂಬ ಮೂರನ್ನೂ ಗೆರೆಯೆಳೆದು ತೋರಿಸಿತ್ತು. ದೋಷಕ್ಕೆ ಇ0382 ಎಂಬ ಸಂಖ್ಯೆಯೂ ಇದ್ದಿತು. ಆ ಸಂಖ್ಯೆಯನ್ನು ಕೊಟ್ಟು ಕೇಳಿದರೆ ಸೋದಾಹರಣವಾದ ವಿವರಣೆ ದೊರೆಯುವುದು.

ನಾನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳ ಪುಸ್ತಕಗಳಲ್ಲಿ ಕೆಂಪು ಮಸಿಯಿಂದ ಗೀಟೆಳೆದವನು. ಎಷ್ಟು ಗೀಟುಗಳ ಪಕ್ಕದಲ್ಲಿ ಕಾರಣವನ್ನು ಬರೆದಿದ್ದೆನು? ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮರುದಿನ ಮೊದಲಿನಿಂದ ಆರಂಭಿಸಿದೆವು. ಸ್ಟೀವ್ ಕ್ಲಬ್ನಿಕ್, ಕೆರೊಲ್ ನಿಕೋಲ್ಸ್ ಇವರು ಇಂಗ್ಲಿಷಿನಲ್ಲಿ ರಚಿಸಿದ ಪಾಠಗ್ರಂಥವು ಭಾಷೆಯನ್ನು ಯಂತ್ರದಲ್ಲಿ ಅಳವಡಿಸುವಾಗ ಅದರೊಡನೆಯೇ ಬರುತ್ತದೆ. ಬಳಿಕ ಅಂತರ್ಜಾಲವಿಲ್ಲದೆಯೂ ಓದಬಹುದು. ಎರಡನೆಯ ಅಧ್ಯಾಯದಲ್ಲಿಯೇ, ಯಂತ್ರವು ಗುಟ್ಟಾಗಿಟ್ಟುಕೊಂಡ 1ರಿಂದ 100ರವರೆಗಿನ ಸಂಖ್ಯೆಯನ್ನು ಊಹಿಸುವ ಆಟವೊಂದನ್ನು ಕಟ್ಟಿಸುತ್ತಾರೆ. ಒಡೆತನದ ನಿಯಮವು ನಾಲ್ಕನೆಯದರಲ್ಲಿ ಬರುವುದು. 'ರಸ್ಟ್‌ಲಿಂಗ್ಸ್' ಎಂಬ ಅಭ್ಯಾಸಮಾಲೆಯಲ್ಲಿ, ಬೇಕೆಂದೇ ಕೆಡಿಸಿಟ್ಟ ಸಣ್ಣ ಸಣ್ಣ ಪ್ರೋಗ್ರಾಮುಗಳನ್ನು ಕಲಿಯುವವರು ಸರಿಪಡಿಸಬೇಕು. ಉದಾಹರಣೆಗಳಿಂದಲೇ ಬೋಧಿಸುವ ಮತ್ತೊಂದು ಪುಸ್ತಕವೂ ಉಂಟು. ಸೂತ್ರ, ಉದಾಹರಣೆ, ಅಭ್ಯಾಸ ಮೂರೂ ಕಾಸಿಲ್ಲದೆ ದೊರೆಯುವುವು.

ಆದಕಾರಣ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ದುಬಾರಿ ಶಿಕ್ಷಣಕ್ಕೆ ಹಣ ಕಟ್ಟುವ ಮುನ್ನ ಮಗುವಿನ ಪಕ್ಕದಲ್ಲಿ ಕುಳಿತು, ದೋಷಸೂಚನೆಯನ್ನು ಗಟ್ಟಿಯಾಗಿ ಓದಿಸಿರಿ. ನಮಗೆ ಆ ಭಾಷೆ ಬಾರದಿದ್ದರೂ ಬಾಧಕವಿಲ್ಲ. ಹತ್ತು ಪುಸ್ತಕಗಳನ್ನು ಮುಟ್ಟುವುದಕ್ಕಿಂತ ಒಂದನ್ನು ಮುಗಿಸುವುದು ಲೇಸು.

ನಿನ್ನೆ ಮೊಮ್ಮಗಳು, "ತಾತ, ಇವತ್ತು ಏಳು ತಪ್ಪು!" ಎಂದು ನಗುತ್ತ ಬಂದಳು. ಏಳನ್ನೂ ತಾನೇ ತಿದ್ದಿಕೊಂಡಿದ್ದಳು.