ಮನೆಗೆ ಬಂದ ಮೋಟಾರು

ಗೃಹಸ್ಥನು ಮನೆಗೆ ತರುವ ವಸ್ತುಗಳಲ್ಲಿ ಕೆಲವು ಯಾರ ಕೈಯಲ್ಲಿದ್ದರೂ ಒಂದೇ ರೀತಿಯಾಗಿ ಉಪಕರಿಸುವುವು. ಕೆಲವು ತಮ್ಮ ಗುಣವನ್ನರಿತವನಿಗೆ ಮಾತ್ರವೇ ಉಪಕರಿಸುವುವು. ಬೀಸುವ ಕಲ್ಲು ಮೊದಲನೆಯ ಜಾತಿಯದು. ಎತ್ತು, ಕುದುರೆ, ಬೆಂಕಿಗಳು ಎರಡನೆಯ ಜಾತಿಯವು. ಮೋಟಾರು ಕಾರು ಈ ಎರಡನೆಯ ಜಾತಿಗೆ ಸೇರಿದುದು. ನಳಚಕ್ರವರ್ತಿಯು ಬಾಹುಕನೆಂಬ ಹೆಸರಿನಿಂದ ಋತುಪರ್ಣನ ರಥವನ್ನು ಅಯೋಧ್ಯೆಯಿಂದ ವಿದರ್ಭಕ್ಕೆ ಒಂದೇ ಹಗಲಿನಲ್ಲಿ ಮುಟ್ಟಿಸಿದನೆಂದು ಮಹಾಭಾರತವು ಹೇಳುವುದಷ್ಟೆ. ಅದು ಕುದುರೆಗಳ ಬಲದಿಂದ ಮಾತ್ರ ಆದುದಲ್ಲ. ಅಶ್ವಹೃದಯವೆಂಬ ವಿದ್ಯೆಯು ಆತನಲ್ಲಿದ್ದುದರಿಂದ ಆಯಿತು. ಈಗಿನ ಯಂತ್ರರಥಕ್ಕೂ ಅಂಥದೊಂದು ಹೃದಯವುಂಟು. ಅದನ್ನು ಅರಿಯಬೇಕಾದವನು ಸಾರಥಿಯೊಬ್ಬನೇ ಅಲ್ಲ, ರಥದಲ್ಲಿ ಕುಳಿತ ಮನೆಮಂದಿಯೆಲ್ಲರೂ ಅರಿಯಬೇಕು ಎಂಬುದೇ ಈ ಲೇಖನದ ಅಭಿಪ್ರಾಯವು.

ನಮ್ಮ ತುರ್ವಿಹಾಳದ ಸುತ್ತಣ ಸೀಮೆಯನ್ನೇ ನೋಡಿರಿ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಎರೆಯ ಹೊಲಗಳು ಭತ್ತದ ಗದ್ದೆಗಳಾದುವು. ಎತ್ತಿನ ಬಂಡಿ ನಿಲ್ಲುತ್ತಿದ್ದ ಅಂಗಳದಲ್ಲಿ ಟ್ರ್ಯಾಕ್ಟರು ನಿಂತಿತು. ಈಗ ಟ್ರ್ಯಾಕ್ಟರಿನ ಪಕ್ಕದಲ್ಲಿ ಕಾರೂ ನಿಂತಿದೆ. ಹೊಸ ಕಾರು ಬಂದ ದಿನ ಗಾಲಿಗಳ ಕೆಳಗೆ ನಿಂಬೆಯ ಹಣ್ಣು, ಮುಂದುಗಡೆ ಹೂವಿನ ಹಾರ, ಬಂಧುಗಳಿಗೆಲ್ಲ ಪೇಡೆ. ಇವೆಲ್ಲ ಉಚಿತವೇ. ಆದರೆ ಕಾರಿನೊಡನೆ ಬಂದ ಪುಸ್ತಕವು ಮಾತ್ರ ಪ್ಲಾಸ್ಟಿಕಿನ ಹೊದಿಕೆಯನ್ನು ಸಹ ಬಿಚ್ಚದೆ ಪೆಟ್ಟಿಗೆಯಲ್ಲಿಯೇ ಉಳಿಯುವುದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿರುವೆವು. ಓಡಿಸುವುದನ್ನು ಕಲಿತ ಮಗನು ಮನೆಯಲ್ಲಿ ಒಬ್ಬನಿರುವನು. ಕುಳಿತುಕೊಳ್ಳುವುದನ್ನು ಕಲಿತವರು ಯಾರೂ ಇಲ್ಲ. ಕುಳಿತುಕೊಳ್ಳುವುದರಲ್ಲಿ ಕಲಿಯುವುದೇನಿದೆ ಎಂದು ವಾಚಕರು ನಗಬಾರದು. 2022ನೆಯ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಮೃತರಾದರೆಂದು ಕೇಂದ್ರ ಸರ್ಕಾರದ ವರದಿಯು ತಿಳಿಸುತ್ತದೆ. ಅವರಲ್ಲಿ ಬೆಲ್ಟು ಕಟ್ಟದೆ ಸತ್ತವರು 16,715 ಮಂದಿ. ಈ ಪೈಕಿ ಓಡಿಸುತ್ತಿದ್ದವರು 8,384, ಸುಮ್ಮನೆ ಕುಳಿತಿದ್ದವರು 8,331. ಕುಳಿತವರ ಪಾಲು ಹೆಚ್ಚುಕಡಿಮೆ ಅರ್ಧವೆಂಬುದನ್ನು ಗಮನಿಸಬೇಕು.

ಬೆಲ್ಟು ಏನು ಮಾಡುತ್ತದೆಂಬುದನ್ನು ಮೊದಲು ತಿಳಿಯೋಣ. ಗಂಟೆಗೆ 50 ಕಿಲೋಮೀಟರಿನಂತೆ ಓಡುವ ಕಾರು ಸೆಕೆಂಡಿಗೆ ಸುಮಾರು 14 ಮೀಟರು ಮುಂದೆ ಹೋಗುವುದು. ಒಳಗೆ ಕುಳಿತ ನಾವೂ ಅದೇ ವೇಗದಲ್ಲಿ ಹೋಗುತ್ತಿರುವೆವು. ಕಾರು ಮರಕ್ಕೋ ಲಾರಿಗೋ ತಾಗಿ ನಿಂತರೆ ಕಾರು ನಿಲ್ಲುವುದೇ ಹೊರತು ನಮ್ಮ ದೇಹವು ನಿಲ್ಲುವುದಿಲ್ಲ. ಎದುರಿಗಿರುವ ಗಾಜೋ ಚಕ್ರವೋ ಆಸನವೋ ತಡೆಯುವ ತನಕ ಅದು ಸಾಗುತ್ತಲೇ ಇರುವುದು. ಆ ಪೆಟ್ಟು ಮೂರು ಅಂತಸ್ತಿನ ಮಾಳಿಗೆಯಿಂದ ನೆಲಕ್ಕೆ ಬಿದ್ದ ಪೆಟ್ಟಿಗೆ ಸಮಾನವಾದುದು. ಇದನ್ನು ತಡೆಯಲು ಸ್ವೀಡನ್ ದೇಶದ ವೋಲ್ವೋ ಕಂಪನಿಯ ನಿಲ್ಸ್ ಬೊಲಿನ್ ಎಂಬ ಇಂಜಿನಿಯರನು 1959ರಲ್ಲಿ ಈಗ ನಾವು ಕಾಣುವ ಮೂರು ಹಿಡಿಗಳ ಬೆಲ್ಟನ್ನು ರೂಪಿಸಿದನು. ಆ ಕಂಪನಿಯು ಅದನ್ನು ತನ್ನೊಬ್ಬಳ ಸೊತ್ತಾಗಿ ಇಟ್ಟುಕೊಳ್ಳದೆ ಉಳಿದ ಕಂಪನಿಗಳಿಗೂ ಬಿಟ್ಟುಕೊಟ್ಟಿತು. ವಿದ್ಯಾದಾನವೆಂದರೆ ಇದಲ್ಲವೆ?

ಆ ದಾನವನ್ನು ಸ್ವೀಕರಿಸುವ ಕ್ರಮವೊಂದುಂಟು. ಬೆಲ್ಟಿನ ಕೆಳಭಾಗವು ಸೊಂಟದ ಎಲುಬಿನ ಮೇಲೆ ತಗ್ಗಾಗಿ ಬಿಗಿದಿರಬೇಕು. ಮೆತ್ತನೆಯ ಹೊಟ್ಟೆಯ ಮೇಲೆ ಏರಿರಬಾರದು. ಮೇಲ್ಭಾಗವು ಹೆಗಲಿನ ನಡುವಿನಿಂದ ಎದೆಯ ಮೇಲೆ ಓರೆಯಾಗಿ ಇಳಿಯಬೇಕು, ಕೊರಳಿಗೆ ಒತ್ತಬಾರದು. ಸೆರಗು ಮುದುಡುವುದೆಂದು ಅದನ್ನು ಕಂಕುಳಿನ ಕೆಳಗೆ ತೂರಿಸಿಕೊಳ್ಳುವ ಹೆಣ್ಣುಮಕ್ಕಳು ಉಂಟು. ಹಾಗೆ ಮಾಡಿದರೆ ಪೆಟ್ಟಿನ ಹೊತ್ತಿನಲ್ಲಿ ಬೆಲ್ಟು ಪಕ್ಕೆಲುಬುಗಳನ್ನು ಮುರಿಯುವುದು. ಗರ್ಭಿಣಿಯರು ಬೆಲ್ಟು ಕಟ್ಟಬಾರದೆಂಬುದು ತಪ್ಪು ತಿಳಿವಳಿಕೆ. ಕೆಳಪಟ್ಟಿಯನ್ನು ಬಸಿರಿನ ಕೆಳಗೆ, ಮೇಲ್ಪಟ್ಟಿಯನ್ನು ಬಸಿರಿನ ಪಕ್ಕದಿಂದ ಎದೆಯ ನಡುವೆ ಹಾಯುವಂತೆ ಅವರು ಅವಶ್ಯವಾಗಿ ಕಟ್ಟತಕ್ಕದ್ದು.

ಹಿಂದಿನ ಆಸನಕ್ಕೆ ಬೆಲ್ಟು ಏಕೆಂದು ಕೇಳುವವರೇ ಬಹಳ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲಘರ್ ಜಿಲ್ಲೆಯಲ್ಲಿ, ಟಾಟಾ ಸಮೂಹದ ಅಧ್ಯಕ್ಷರಾಗಿದ್ದ ಸೈರಸ್ ಮಿಸ್ತ್ರಿಯವರ ಕಾರು ಸೂರ್ಯಾ ನದಿಯ ಸೇತುವೆಯ ಗೋಡೆಗೆ ಬಡಿಯಿತು. ಕಾರು ಬಹು ಬೆಲೆಯದು, ಬಹು ಗಟ್ಟಿಯಾದುದು. ಮುಂದೆ ಕುಳಿತ ಇಬ್ಬರು ತೀವ್ರವಾಗಿ ಗಾಯಗೊಂಡರೂ ಬದುಕಿದರು. ಹಿಂದೆ ಕುಳಿತಿದ್ದ ಮಿಸ್ತ್ರಿಯವರೂ ಅವರ ಜೊತೆಗಾರರೂ ತೀರಿಕೊಂಡರು. ಹಿಂದಿನವರಿಬ್ಬರೂ ಬೆಲ್ಟು ಕಟ್ಟಿರಲಿಲ್ಲವೆಂದು ಪೋಲೀಸರು ತಿಳಿಸಿದರು. ಹಿಂದೆ ಕುಳಿತವನು ಬೆಲ್ಟು ಕಟ್ಟದಿದ್ದರೆ ತಾನು ಕೆಡುವುದಲ್ಲದೆ ಮುಂದಿನವನ ಬೆನ್ನಿಗೂ ಅಪ್ಪಳಿಸುವನು. ಕಾನೂನಾದರೂ ಮುಂದೆ ನೋಡಿ ಕುಳಿತ ಹಿಂದಿನವರಿಗೂ ಬೆಲ್ಟನ್ನು ವಿಧಿಸಿದೆ. 2019ರ ತಿದ್ದುಪಡಿಯ ಮೇರೆಗೆ ದಂಡವು ಸಾವಿರ ರೂಪಾಯಿ. ದಂಡದ ಭಯವು ಚೌಕಿಯ ತನಕ ಮಾತ್ರ ಬರುವುದು; ತಿಳಿವಳಿಕೆಯು ಮನೆಯ ತನಕ ಬರುವುದು.

ಇನ್ನು ಮಕ್ಕಳ ಮಾತು. ನಮ್ಮಲ್ಲಿ ಕೂಸನ್ನು ಮುಂದಿನ ಆಸನದಲ್ಲಿ ತಾಯಿಯ ತೊಡೆಯ ಮೇಲೆ ಕೂರಿಸುವುದೇ ವಾಡಿಕೆ. ತಾಯಿಯ ತೋಳಿಗಿಂತ ಭದ್ರವಾದ ಜಾಗವಾವುದೆಂಬ ನಂಬುಗೆಯು ಬೇರೆ ಎಲ್ಲ ಕಡೆಯಲ್ಲಿಯೂ ನಿಜ. ಓಡುವ ಕಾರಿನಲ್ಲಿ ನಿಜವಲ್ಲ. ಲೆಕ್ಕ ಹಾಕಿ ನೋಡಿರಿ. ಹತ್ತು ಕಿಲೋ ತೂಕದ ಕೂಸು. ಕಾರಿನ ವೇಗ ಗಂಟೆಗೆ 50 ಕಿಲೋಮೀಟರು. ಢಿಕ್ಕಿಯಲ್ಲಿ ಅದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆನ್ನೋಣ. ಆ ಕ್ಷಣದಲ್ಲಿ ಕೂಸು ತಾಯಿಯ ತೋಳನ್ನು ಸುಮಾರು 140 ಕಿಲೋ ಭಾರದಿಂದ ಎಳೆಯುವುದು. ನಮ್ಮ ಸಿಂಧನೂರಿನ ಪೇಟೆಯಲ್ಲಿ ಭತ್ತದ ಚೀಲವು 75 ಕಿಲೋ ತೂಗುವುದಷ್ಟೆ; ಹೆಚ್ಚುಕಡಿಮೆ ಎರಡು ಚೀಲವಾಯಿತು. ಒಂದು ಚೀಲವನ್ನು ಹಮಾಲನು ಬೆನ್ನ ಮೇಲೆ ಹೊರುವುದೇ ಕಷ್ಟ. ಎರಡು ಚೀಲಗಳನ್ನು ಯಾವ ತಾಯಿಯು ಎರಡು ಕೈಗಳಿಂದ ಹಿಡಿದು ನಿಲ್ಲಿಸಬಲ್ಲಳು? ಪ್ರೀತಿಯು ಎಷ್ಟೇ ದೊಡ್ಡದಾದರೂ ಈ ತೂಕವನ್ನು ತಡೆಯಲಾರದು. ಆದಕಾರಣ ಕೂಸಿಗೆ ಅದರದೇ ಆದ ಮಕ್ಕಳ ಸೀಟು ಬೇಕು. ಅದನ್ನು ಹಿಂದಿನ ಆಸನದಲ್ಲಿ, ಎಳೆಗೂಸಾದರೆ ಮುಖವು ಹಿಂದಕ್ಕೆ ಇರುವಂತೆ ಬಿಗಿಯಬೇಕು. ಹದಿನಾಲ್ಕು ವರುಷದೊಳಗಿನ ಮಗುವನ್ನು ಬೆಲ್ಟಿನಿಂದಾಗಲಿ ಅಂಥ ಸೀಟಿನಿಂದಾಗಲಿ ಭದ್ರಪಡಿಸದಿದ್ದರೆ ಓಡಿಸುವವನಿಗೆ ದಂಡವೆಂದು ಅದೇ ಕಾನೂನು ಹೇಳುತ್ತದೆ.

ಮಗುವನ್ನು ಮುಂದೆ ಕೂರಿಸಬಾರದೆಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ಅದು ಏರ್‌ಬ್ಯಾಗೆಂಬ ಗಾಳಿಯ ಚೀಲ. ಢಿಕ್ಕಿಯನ್ನು ಅರಿತೊಡನೆ ಅದು ಕಣ್ಣುರೆಪ್ಪೆ ಬಡಿಯುವುದಕ್ಕಿಂತ ಬೇಗನೆ ಸಿಡಿದು ತುಂಬಿಕೊಳ್ಳುವುದು. ಇದನ್ನು ಮೆತ್ತನೆಯ ದಿಂಬೆಂದು ಭಾವಿಸಿ, ಚೀಲವಿರುವಾಗ ಬೆಲ್ಟೇಕೆ ಎನ್ನುವವರಿರುವರು. ಚೀಲವು ಬೆಲ್ಟಿನ ಸಹಾಯಕನೇ ಹೊರತು ಅದರ ಸ್ಥಾನಾಪನ್ನನಲ್ಲ. ಬೆಲ್ಟು ದೇಹವನ್ನು ಹಿಂದೆ ಹಿಡಿದಿದ್ದರೆ ತುಂಬಿದ ಚೀಲವು ತಲೆಯನ್ನು ಮೆಲ್ಲನೆ ಸ್ವೀಕರಿಸುವುದು. ಹಿಡಿದಿಲ್ಲವಾದರೆ ಮುಂದಕ್ಕೆ ಹಾರಿದ ಮುಖಕ್ಕೆ, ಇನ್ನೂ ಸಿಡಿಯುತ್ತಿರುವ ಚೀಲವೇ ಪೆಟ್ಟು ಕೊಡುವುದು. ಓಡಿಸುವವನ ಎದೆಗೂ ಸ್ಟಿಯರಿಂಗಿಗೂ ನಡುವೆ ಒಂದು ಗೇಣಿಗೆ ಕಡಿಮೆಯಿಲ್ಲದ ಅಂತರವಿರಬೇಕೆಂಬುದು ಇದಕ್ಕಾಗಿಯೇ. ಚೀಲವಿರುವ ಹಲಗೆಯ ಮೇಲೆ ವಿಗ್ರಹ, ತೆಂಗಿನಕಾಯಿಗಳನ್ನು ಇಡುವುದೂ, ಕಾರಿನ ಮುಂದುಗಡೆ ಕಬ್ಬಿಣದ ಗಾರ್ಡನ್ನು ಕಟ್ಟಿಸುವುದೂ ಸರ್ವಥಾ ಕೂಡದು. ಮೊದಲನೆಯದು ಬಾಣವಾಗುವುದು, ಎರಡನೆಯದು ಢಿಕ್ಕಿಯ ಸುದ್ದಿಯು ಯಂತ್ರಕ್ಕೆ ಸರಿಯಾಗಿ ಮುಟ್ಟದಂತೆ ಮಾಡುವುದು.

ಬೆಲ್ಟು ಕಟ್ಟದಿದ್ದರೆ ಕಾರು ಗಂಟೆಯನ್ನು ಬಾರಿಸಿ ಎಚ್ಚರಿಸುವುದು. ಈ ಗಂಟೆಯ ಬಾಯಿ ಮುಚ್ಚಿಸಲು ಬೆಲ್ಟಿಲ್ಲದ ಬರಿಯ ಕೊಂಡಿಗಳನ್ನು ಮಾರುವ ವ್ಯಾಪಾರವೂ ನಮ್ಮ ದೇಶದಲ್ಲಿ ಹುಟ್ಟಿತು. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಅವುಗಳ ಮಾರಾಟವನ್ನು ನಿಲ್ಲಿಸಬೇಕೆಂದು ಮಾರಾಟ ಸಂಸ್ಥೆಗಳಿಗೆ ಆಜ್ಞೆ ಮಾಡಿತು. ಕಳ್ಳನನ್ನು ಕಂಡು ಬೊಗಳಿದ ನಾಯಿಗೆ ಹಣ ಕೊಟ್ಟು ಬಾಯಿ ಕಟ್ಟಿಸುವ ಯಜಮಾನನನ್ನು ಏನೆನ್ನಬೇಕು?

ನಮ್ಮ ಸೀಮೆಯವರು ಹೇಳುವ ಆಕ್ಷೇಪವೊಂದನ್ನು ಇಲ್ಲಿ ಪರಿಶೀಲಿಸಬೇಕು. ‘ನಮ್ಮದು ಕಾಲುವೆಯ ದಂಡೆಯ ದಾರಿ. ಕಾರು ನೀರಿಗೆ ಬಿದ್ದರೆ ಬೆಲ್ಟು ಕಟ್ಟಿದವನು ಒಳಗೇ ಸಿಕ್ಕಿಬೀಳುವನು’ ಎಂದು ಅವರೆನ್ನುವರು. ಭಯವು ನಿರಾಧಾರವಲ್ಲ. ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಗೆ 2018ರ ನವೆಂಬರ್ 24ರಂದು ಬಸ್ಸು ಬಿದ್ದು 30 ಮಂದಿ ತೀರಿಕೊಂಡರು. 2023ರ ನವೆಂಬರಿನಲ್ಲಿ ಅದೇ ನಾಲೆಗೆ ಕಾರು ಬಿದ್ದು ಐವರು ತೀರಿಕೊಂಡರು. ಆದರೆ ದಂಡೆಯಿಂದ ಉರುಳಿ ಬೀಳುವಾಗ ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವನು ಬಾಗಿಲು ತೆರೆದಿದ್ದರೂ ಹೊರಬರಲಾರನು. ಬೆಲ್ಟು ಎಚ್ಚರವನ್ನು ಉಳಿಸುವುದು. ಎಚ್ಚರವುಳಿದವನಿಗೆ ಬೆಲ್ಟು ಬಿಚ್ಚುವುದು ಒಂದು ಗುಂಡಿ ಒತ್ತುವಷ್ಟು ಕೆಲಸ. ಬಿದ್ದ ಕಾರು ಸಾಮಾನ್ಯವಾಗಿ ಸ್ವಲ್ಪ ಹೊತ್ತು ತೇಲುವುದು. ಆ ಒಂದು ನಿಮಿಷದೊಳಗೆ, ಫೋನು ಮಾಡುತ್ತ ಕೂಡದೆ, ಬೆಲ್ಟು ಬಿಚ್ಚಿ, ಕಿಟಕಿಯ ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಕ್ಕೆ ದಾಟಿಸಿ ತಾವೂ ಕಿಟಕಿಯಿಂದಲೇ ಹೊರಬೀಳಬೇಕು. ಬಾಗಿಲನ್ನು ನೀರು ಒತ್ತಿ ಹಿಡಿದಿರುವುದರಿಂದ ಅದರೊಡನೆ ಹೆಣಗಬಾರದು. ಗಾಜು ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಮೊನಚಾದ ಗಟ್ಟಿ ವಸ್ತುವಿನಿಂದ ಹೊಡೆಯಬೇಕು. ಮುಂದಿನ ದೊಡ್ಡ ಗಾಜು ಒಡೆದರೂ ದಾರಿ ಬಿಡದು.

ಸಾರಥಿಯ ಕೈಕಾಲುಗಳಿಗೆ ಸೇರಿದ ಮಾತು ಕೆಲವು ಉಳಿದಿವೆ. ಹೊಸ ಕಾರುಗಳಲ್ಲಿ ಎ.ಬಿ.ಎಸ್. ಎಂಬ ಬ್ರೇಕಿನ ಏರ್ಪಾಡು ಉಂಟು. ಗಾಲಿಗಳು ಸಿಕ್ಕಿಕೊಂಡು ಜಾರದಂತೆ ಅದು ಬ್ರೇಕನ್ನು ಸೆಕೆಂಡಿಗೆ ಹಲವು ಬಾರಿ ಹಿಡಿದು ಬಿಡುತ್ತಿರುವುದು. ಆಗ ಪೆಡಲು ಕಾಲಿನ ಕೆಳಗೆ ಗಡಗಡನೆ ನಡುಗುವುದು. ಏನೋ ಕೆಟ್ಟಿತೆಂದು ಹೆದರಿ ಕಾಲು ತೆಗೆಯುವವರು ಉಂಟು; ಹಳೆಯ ಪದ್ಧತಿಯಂತೆ ಒತ್ತಿ ಬಿಟ್ಟು ಮಾಡುವವರೂ ಉಂಟು. ಎರಡೂ ತಪ್ಪು. ಪೆಡಲನ್ನು ಬಲವಾಗಿ ಒತ್ತಿ ಹಿಡಿದೇ ಇದ್ದು ಸ್ಟಿಯರಿಂಗನ್ನು ತೆರಪಿರುವ ಕಡೆಗೆ ತಿರುಗಿಸಬೇಕು. ಆದರೆ ವೇಗವು ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಕಾರು ನಿಲ್ಲಲು ಬೇಕಾದ ದೂರವು ನಾಲ್ಮಡಿಯಾಗುವುದೆಂಬ ನಿಯಮವನ್ನು ಯಾವ ಏರ್ಪಾಡೂ ಮೀರಲಾರದು. ಸುಗ್ಗಿಯಲ್ಲಿ ನಮ್ಮವರು ರಸ್ತೆಯ ಮೇಲೆಯೇ ಭತ್ತವನ್ನು ಹರಡುವರು. ಅದರ ಮೇಲೆ ಗಾಲಿಯು ಗೋಲಿಗಳ ಮೇಲೆ ಕಾಲಿಟ್ಟಂತೆ ಜಾರುವುದು. ಭತ್ತಕ್ಕಿಂತ ಮೊದಲೇ ವೇಗವನ್ನು ಇಳಿಸಬೇಕು; ಅದರ ಮೇಲೆ ಫಕ್ಕನೆ ಬ್ರೇಕು ಹಿಡಿಯಲೂ ಬಾರದು, ತಿರುಗಿಸಲೂ ಬಾರದು. ಮಳೆಗಾಲದ ಎರೆಮಣ್ಣಿನ ಅಂಚಿಗೂ ಇದೇ ನ್ಯಾಯ.

ಪೆಟ್ರೋಲು ಉಳಿಸುವ ಆಸೆಯಿಂದ ಇಳಿಜಾರಿನಲ್ಲಿ ಗೇರು ತೆಗೆದು ಬಿಡಬಾರದು, ಕೀಲಿಯನ್ನಂತೂ ಆರಿಸಲೇಬಾರದು. ಇಂಜಿನಿನ ಹಿಡಿತವು ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುವುದು. ಕೀಲಿ ಆರಿಸಿದರೆ ಸ್ಟಿಯರಿಂಗು, ಬ್ರೇಕು ಎರಡೂ ಬಿರುಸಾಗುವುವು. ರಾತ್ರಿಯಲ್ಲಿ ಎದುರಿನಿಂದ ಗಾಡಿ ಬಂದೊಡನೆ ದೀಪವನ್ನು ತಗ್ಗಿಸತಕ್ಕದ್ದು. ಕಣ್ಣು ಕೋರೈಸಿದ ಎದುರಿನವನಿಗೆ, ಹಿಂದೀಪವಿಲ್ಲದೆ ಹೋಗುತ್ತಿರುವ ಹುಲ್ಲಿನ ಟ್ರ್ಯಾಕ್ಟರು ಕಾಣುವುದು ಹೇಗೆ? ಹೆಡ್‌ರೆಸ್ಟೆಂಬ ತಲೆಯಾಸರೆಯು ಕುತ್ತಿಗೆಗಲ್ಲ, ತಲೆಗೆ. ಅದರ ಮೇಲಂಚು ನೆತ್ತಿಯ ಮಟ್ಟಕ್ಕೆ ಬರುವಂತೆ ಏರಿಸಿಕೊಳ್ಳಬೇಕು.

ನಿಂತ ಕಾರಿನಲ್ಲಿಯೂ ಅಪಾಯವುಂಟು. ನಮ್ಮ ರಾಯಚೂರು ಸೀಮೆಯ ಬೇಸಗೆಯಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗಣ ಕಾವು ಹತ್ತೇ ನಿಮಿಷಗಳಲ್ಲಿ ಹತ್ತು ಡಿಗ್ರಿಯಷ್ಟು ಏರಬಲ್ಲುದು. ‘ಒಂದು ನಿಮಿಷ ಅಂಗಡಿಗೆ ಹೋಗಿ ಬರುವೆ’ನೆಂದು ಮಗುವನ್ನು ಒಳಗೆ ಬಿಟ್ಟು ಬಾಗಿಲು ಹಾಕಬಾರದು. ಮಕ್ಕಳು ಆಟಕ್ಕೆಂದು ತಾವಾಗಿಯೇ ಒಳಗೆ ಸೇರದಂತೆ ಮನೆಯ ಮುಂದೆ ನಿಂತ ಕಾರಿಗೂ ಬೀಗವಿರಬೇಕು. ಕೀಲಿಯು ಗೂಟದ ಮೇಲೆ ಎತ್ತರದಲ್ಲಿರಬೇಕು. ಹಿಂದಿನ ಬಾಗಿಲುಗಳಲ್ಲಿರುವ ಮಕ್ಕಳ ಬೀಗವು ಓಡುವಾಗ ರಕ್ಷಕ. ಆದರೆ ಅದನ್ನು ಹಾಕಿದ ಬಾಗಿಲು ಒಳಗಿನಿಂದ ತೆರೆಯದು, ಹೊರಗಿನಿಂದ ಮಾತ್ರ ತೆರೆಯುವುದು ಎಂಬುದನ್ನು ಮನೆಯವರೆಲ್ಲರೂ ಅರಿತಿರಬೇಕು.

2025ರ ಜನವರಿಯಲ್ಲಿ ಮಂತ್ರಾಲಯದ ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳು ನರಹರಿತೀರ್ಥರ ವೃಂದಾವನದ ದರ್ಶನಕ್ಕೆಂದು ಹೊರಟಿದ್ದ ವಾಹನವು ರಾತ್ರಿಯಲ್ಲಿ ಸಿಂಧನೂರಿನ ಬಳಿ ಮಗುಚಿ, ಮೂವರು ವಿದ್ಯಾರ್ಥಿಗಳೂ ಚಾಲಕನೂ ತೀರಿಕೊಂಡರು. ಶಾಸ್ತ್ರಪಾಠವನ್ನು ಮುಗಿಸಿ ಮನೆಗೆ ಹಿಂದಿರುಗಬೇಕಾಗಿದ್ದ ತರುಣರು ಅವರು. ಆ ಅವಘಡದ ಕಾರಣವನ್ನು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ಎಲ್ಲ ಅವಘಡಗಳೂ ಬೆಲ್ಟಿನಿಂದ ತಪ್ಪುವುವೆಂದು ನಾವು ಹೇಳುವುದೂ ಇಲ್ಲ. ನಮ್ಮ ಕೈಯಲ್ಲಿರುವುದು ಎಷ್ಟೋ ಅಷ್ಟನ್ನಾದರೂ ಬಿಡಬಾರದೆಂಬುದೇ ನಮ್ಮ ಪ್ರಾರ್ಥನೆ.

ದೇಹವನ್ನು ರಥವೆಂದೂ, ಬುದ್ಧಿಯನ್ನು ಸಾರಥಿಯೆಂದೂ, ಮನಸ್ಸನ್ನು ಲಗಾಮೆಂದೂ ಕಠೋಪನಿಷತ್ತು ನಿರೂಪಿಸಿದೆ. ಆ ರಥದಲ್ಲಿ ಕೂರುವವನು ಒಬ್ಬನೇ. ನಮ್ಮ ಈ ರಥದಲ್ಲಿ ಅಜ್ಜಿಯಿಂದ ಕೂಸಿನವರೆಗೆ ಮನೆಯೇ ಕೂರುವುದು. ಆದುದರಿಂದ ಗೃಹಿಣಿಯರಲ್ಲಿ ನಮ್ಮ ವಿಶೇಷವಾದ ಬಿನ್ನಹವಿದು: ಊಟಕ್ಕೆ ಕೂರುವ ಮೊದಲು ಮಕ್ಕಳ ಕೈ ತೊಳೆಸುವಂತೆ, ಕಾರು ಹೊರಡುವ ಮೊದಲು ಎಲ್ಲರ ಬೆಲ್ಟನ್ನೂ ನೀವೇ ನೋಡಿರಿ. ಎಲ್ಲರದೂ ಆಯಿತೆಂದು ನೀವು ಹೇಳಿದ ಮೇಲೆಯೇ ಮಗನು ಕೀಲಿಯನ್ನು ತಿರುಗಿಸಲಿ. ಮುಂದಿನ ಭಾನುವಾರ ಊಟವಾದ ಮೇಲೆ ಕಾರಿನ ಪೆಟ್ಟಿಗೆಯೊಳಗಣ ಆ ಪುಸ್ತಕದ ಹೊದಿಕೆಯನ್ನು ಬಿಚ್ಚಿ, ಶಾಲೆಗೆ ಹೋಗುವ ಮಗುವಿನಿಂದ ಅದನ್ನು ಗಟ್ಟಿಯಾಗಿ ಓದಿಸಿರಿ. ಮನೆಮಂದಿಯೆಲ್ಲ ಕುಳಿತು ಕೇಳಿರಿ.