ತಟ್ಟೆ ಬೇರೆ ಇಟ್ಟರೆ ರೋಗ ಹೋಗುವುದಿಲ್ಲ



ಕೆಲವು ವರ್ಷಗಳ ಹಿಂದೆ ಒಂದು ತೋಟದ ಮನೆಗೆ ಹೋಗಿದ್ದೆ. ಕೊಟ್ಟಿಗೆಯ ಗೋಡೆಗೆ ಒಂದು ತಟ್ಟೆ, ಒಂದು ಲೋಟ ಒರಗಿಸಿಟ್ಟಿದ್ದರು. ಅವು ಕಾಂಗೇಯಂ ದನಗಳನ್ನು ಕಾಯುವ ಆಳಿನವು. ಅವನ ತೋಳಿನ ಮೇಲೆ ಮಾಸಲು ಮಚ್ಚೆ ಕಂಡ ದಿನವೇ ಅವನ ತಟ್ಟೆ ಹೊರಗೆ ಬಂದಿತ್ತು. ಅವನನ್ನು ಆಸ್ಪತ್ರೆಗೆ ಕರೆದೊಯ್ಯಲು ಮಾತ್ರ ಯಾರಿಗೂ ತೋಚಿರಲಿಲ್ಲ.

ಇಂತಹ ದೂರವಿಡುವಿಕೆಯೇ ಅರ್ಧ ರೋಗ ಎಂಬುದನ್ನು ನಮ್ಮ ನೆರೆಯ ಬೆಟ್ಟವೊಂದರಲ್ಲಿ ಕೆಲಸ ಮಾಡಿ ತೋರಿಸಿದವರು ಡಾ. ಎಚ್. ಸುದರ್ಶನ್. ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಹಾಸನೂರು ದಾಟಿದರೆ ಚಾಮರಾಜನಗರ ಸೀಮೆ. ಅದರಾಚೆ ಬಿಳಿಗಿರಿರಂಗನ ಬೆಟ್ಟ, ಸೋಲಿಗರ ನಾಡು. ಈರೋಡು ಜಿಲ್ಲೆಯ ಬೆಟ್ಟಗಳಲ್ಲೂ ಸೋಲಿಗರಿದ್ದಾರೆ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದಾಗ ಅವರ ಬೇಟೆಯೂ ಕಾಡಿನ ಬೇಸಾಯವೂ ನಿಂತುಹೋದವು.

ಸುದರ್ಶನ್ ಹುಟ್ಟಿದ್ದು 1950ರಲ್ಲಿ, ಬೆಂಗಳೂರಿನ ಬಳಿಯ ಯಮಲೂರಿನಲ್ಲಿ. ಹನ್ನೆರಡರ ಪ್ರಾಯದಲ್ಲಿ, ವೈದ್ಯರ ನೆರವಿಲ್ಲದೆ ತಂದೆ ತೀರಿಕೊಂಡದ್ದನ್ನು ಕಣ್ಣಾರೆ ಕಂಡರು. 1973ರಲ್ಲಿ ವೈದ್ಯ ಪದವಿ ಪಡೆದ ಮೇಲೆ ಪಟ್ಟಣದಲ್ಲಿ ನೆಲೆಸದೆ ಬೆಟ್ಟಕ್ಕೆ ಹೋಗಿ, ಗುಡಿಸಲೊಂದರಲ್ಲಿ ಚಿಕಿತ್ಸೆ ಆರಂಭಿಸಿದರು. ಭೂಮಿ, ಓದು, ಮರ್ಯಾದೆ ಇಲ್ಲದವರಿಗೆ ಮಾತ್ರೆಯೊಂದೇ ಸಾಲದೆಂದು ಅವರಿಗೆ ಬೇಗನೆ ತಿಳಿಯಿತು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ, ಆಸ್ಪತ್ರೆಯ ಜೊತೆಗೆ ಶಾಲೆಯನ್ನೂ ತೆರೆದರು. ಗಿರಿಜನ ಹೆಣ್ಣುಮಕ್ಕಳಿಗೆ ದಾದಿಯರ ತರಬೇತಿ ಕೊಡಿಸಿದರು. ತನ್ನ ಮಾತನ್ನೇ ಆಡುವ ದಾದಿ ಕರೆದರೆ ಯಾವ ತಾಯಿ ಬರಲು ಹೆದರುತ್ತಾಳೆ?

ಬೆಟ್ಟದ ಕೆಳಗಿನ ಯಳಂದೂರು ತಾಲ್ಲೂಕಿನಲ್ಲಿ ಆಗ ಕುಷ್ಠರೋಗ ಬಹಳವಿತ್ತು. ಸಾವಿರ ಜನರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಅದು ತಗುಲಿತ್ತು. ಅದಕ್ಕಾಗಿಯೇ ಅವರು 1986ರಲ್ಲಿ ಕರುಣಾ ಟ್ರಸ್ಟ್ ಆರಂಭಿಸಿದರು. ಕಾಲಕ್ರಮದಲ್ಲಿ ಆ ಸಂಖ್ಯೆ ಸಾವಿರಕ್ಕೆ ಒಬ್ಬರಿಗಿಂತಲೂ ಕೆಳಗಿಳಿಯಿತು. 1994ರಲ್ಲಿ ಅವರಿಗೆ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ 2000ದಲ್ಲಿ ಪದ್ಮಶ್ರೀಯೂ ಸಂದವು.

ಪ್ರಶಸ್ತಿಗಿಂತ ದೊಡ್ಡ ಫಲ ಇನ್ನೊಂದಿದೆ. ಇಂದು ಸೋಲಿಗರ ಪರವಾಗಿ ಸೋಲಿಗರೇ ಮಾತನಾಡುತ್ತಿದ್ದಾರೆ. ಅವರಲ್ಲೊಬ್ಬರಾದ ಡಾ. ಸಿ. ಮಾದೇಗೌಡರು ಸಮಾಜಕಾರ್ಯ ಓದಿ ಡಾಕ್ಟರೇಟ್ ಪಡೆದು, ತಮ್ಮ ಜನರ ಕಾಡಿನ ಹಕ್ಕಿಗಾಗಿ ದುಡಿದವರು. 2011ರಲ್ಲಿ ಆ ಬೆಟ್ಟದ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಜೇನು, ನೆಲ್ಲಿಕಾಯಿ ತರಲು ಯಾರ ಕಾಲನ್ನೂ ಹಿಡಿಯಬೇಕಾಗಿಲ್ಲ.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಕುಷ್ಠದ ಬಗ್ಗೆ ಪ್ರತಿಯೊಂದು ರೈತ ಕುಟುಂಬವೂ ತಿಳಿದಿರಬೇಕಾದ ಸಂಗತಿಗಳು ಇವು:

1. ಮಾಸಲು ಅಥವಾ ಕೆಂಪು ಬಣ್ಣದ ಮಚ್ಚೆ ಕಂಡರೆ, ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮೆಲ್ಲಗೆ ಸವರಿ ನೋಡಿ. ಮುಟ್ಟಿದ್ದು ತಿಳಿಯದಿದ್ದರೆ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ತುರಿಕೆ, ನೋವು ಇಲ್ಲವೆಂದು ಸುಮ್ಮನಿರಬೇಡಿ.

2. ಇದು ಶಾಪವಲ್ಲ, ವಂಶದಿಂದ ಬರುವುದೂ ಅಲ್ಲ. ಇದು ರೋಗಾಣುವಿನ ಕಾಯಿಲೆಯೆಂದು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದರು. ಒಮ್ಮೆ ಕೈಕುಲುಕಿದರೆ, ಜೊತೆಗೆ ಕುಳಿತು ಉಂಡರೆ ಅಂಟುವುದಿಲ್ಲ.

3. ಔಷಧಿ ಉಚಿತ. ರೋಗದ ಹಂತಕ್ಕೆ ತಕ್ಕಂತೆ 6 ಅಥವಾ 12 ತಿಂಗಳು ಬಿಡದೆ ನುಂಗಬೇಕು. ಚಿಕಿತ್ಸೆ ಆರಂಭವಾದ ಸ್ವಲ್ಪ ಕಾಲದಲ್ಲೇ ಅದು ಇತರರಿಗೆ ಹರಡುವುದು ನಿಲ್ಲುತ್ತದೆ.

4. ಸ್ಪರ್ಶವಿಲ್ಲದ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯದು. ಬರಿಗಾಲಲ್ಲಿ ಹೊಲಕ್ಕೆ ಕಳುಹಿಸಬೇಡಿ. ಪ್ರತಿ ಸಂಜೆ ಪಾದ ತೊಳೆದು, ಗಾಯವಿದೆಯೇ ಎಂದು ನೋಡಿಕೊಳ್ಳಲಿ.

ಕಾನೂನು ಕೂಡ ತನ್ನ ತಪ್ಪನ್ನು ತಿದ್ದಿಕೊಂಡಿದೆ. ಕ್ರೈಸ್ತರ ವಿವಾಹಗಳಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯಲ್ಲಿ ಕುಷ್ಠರೋಗವೂ ಒಂದು ಕಾರಣವಾಗಿತ್ತು. 2019ರಲ್ಲಿ ಅದನ್ನು ತೆಗೆದುಹಾಕಲಾಯಿತು. ಕಾಯಿದೆ ಬಿಟ್ಟದ್ದನ್ನು ನಾವು ಹಿಡಿದುಕೊಂಡಿರುವುದು ಸರಿಯೇ?

ಆ ಆಳು ಹನ್ನೆರಡು ತಿಂಗಳು ಮಾತ್ರೆ ನುಂಗಿ ಗುಣವಾದ. ಈಗಲೂ ದನ ಕಾಯುತ್ತಾನೆ, ಮನೆಯವರ ಪಕ್ಕದಲ್ಲೇ ಕುಳಿತು ಉಣ್ಣುತ್ತಾನೆ. ಆದರೆ ಎಡಗೈಯ ಎರಡು ಬೆರಳು ಮಡಚಿದ್ದು ಮಡಚಿದಂತೆಯೇ ಇವೆ. ಒಂದು ವರ್ಷ ಮೊದಲೇ ಕರೆದೊಯ್ದಿದ್ದರೆ ಅವು ಉಳಿಯುತ್ತಿದ್ದವೋ ಏನೋ. ನಿಮ್ಮ ತೋಟಕ್ಕೆ, ಗಿರಣಿಗೆ ದುಡಿಯಲು ಬರುವವರು ಈ ಊರಿನವರಾಗಲಿ, ಬಿಹಾರ ಒಡಿಶಾದವರಾಗಲಿ, ಅವರ ಮೈಮೇಲೆ ಮಚ್ಚೆ ಕಂಡರೆ ತಟ್ಟೆಯನ್ನು ಹೊರಗಿಡಬೇಡಿ. ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ.